ನಲವತ್ತೊಂದು ಗೋಡೌನು

೧೯೮೪ರಲ್ಲಿ ನಾನು ಶಾಲೆ ಬಿಟ್ಟೆ. ಒಂಬತ್ತನೇ ತರಗತಿಯ ಅರ್ಧ ವರ್ಷ ಕಳೆದಿತ್ತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಶೇಂಗಾ ಚೀಲ ಹೊರಲು ಅಪ್ಪನಿಗೆ ಜೊತೆ ಬೇಕಿತ್ತು, ನನಗೆ ಇಂಗ್ಲಿಷ್ ತಲೆಗೆ ಹತ್ತುತ್ತಿರಲಿಲ್ಲ. ಮಿಲ್ಲಿನಿಂದ ಪ್ರಿಂಟಿಂಗ್ ಪ್ರೆಸ್ಸಿಗೆ ಹೋದೆ, ಅಚ್ಚುಮೊಳೆ ಜೋಡಿಸಲು ಕಲಿತೆ. ಮೊಳೆಯ ಕಾಲ ಮುಗಿದು ಕಂಪ್ಯೂಟರ್ ಬಂದಾಗ ಪ್ರೆಸ್ಸಿನ ಉಳಿದವರು ಹೆದರಿ ದೂರ ನಿಂತರು, ನಾನು ಮುಂದೆ ಹೋಗಿ ಕೂತೆ. ಓದಿದವರು ಫೀಸು ಕಟ್ಟಿ ಕಲಿತದ್ದನ್ನು ನಾನು ಕೆಟ್ಟ ಯಂತ್ರಗಳನ್ನು ಬಿಚ್ಚಿ ಬಿಚ್ಚಿ ಕಲಿತೆ. ಆಮೇಲೆ ಸ್ವಂತ ರಿಪೇರಿ ಅಂಗಡಿ ಇಟ್ಟೆ. ಎಂಜಿನಿಯರಿಂಗ್ ಓದಿದವರೂ ತಮ್ಮ ಕಂಪ್ಯೂಟರ್ ಹೊತ್ತುಕೊಂಡು ನನ್ನ ಮೇಜಿಗೆ ಬರುತ್ತಾರೆ. ಆ ಹೆಮ್ಮೆ ನನಗಿದೆ. ಅದನ್ನು ಮುಚ್ಚಿಡುವುದಿಲ್ಲ, ಯಾಕೆಂದರೆ ಮುಂದೆ ಹೇಳುವ ಕೇಡೂ ಅದರಿಂದಲೇ ಆದದ್ದು.

ಕೇಡು ಇಷ್ಟೇ. ಮೊಳಕಾಲ್ಮೂರಿನ ನನ್ನ ಗೆಳೆಯನೊಬ್ಬ, ತನ್ನ ಕೈ ಪೂರ್ತಿ ಸೋಲುವ ಮೊದಲು ಉಳಿಸಿಡಬೇಕೆಂದು ಕೂಡಿಟ್ಟಿದ್ದ ನಲವತ್ತೊಂದು ಸೀರೆಯಂಚುಗಳನ್ನು ನಾನು ಬರೀ ಆಟವೆಂದುಕೊಂಡು ಅಳಿಸಿಬಿಟ್ಟೆ.

ನಾವು ಮೂವರು. ಒಬ್ಬರು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದ ಮೇಷ್ಟ್ರು, ನಮ್ಮೂರಿನಲ್ಲಿ ಮನೆಗೆ ಕಂಪ್ಯೂಟರ್ ತಂದವರಲ್ಲಿ ಮೊದಲಿಗರು. ಇನ್ನೊಬ್ಬ ಈ ಮೊಳಕಾಲ್ಮೂರಿನವನು, ನನಗಿಂತ ಎಂಟು ವರ್ಷ ದೊಡ್ಡವನು, ನಾನು ಅಣ್ಣ ಎಂದೇ ಕರೆಯುವುದು. ಹದಿನೈದು ವರ್ಷದ ಕೆಳಗೆ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೇಳಿಕೊಂಡು ಅಂಗಡಿಗೆ ಬಂದಿದ್ದ, ಅಲ್ಲಿಂದ ಬಿಡಲಿಲ್ಲ. ಮೂರನೆಯವನು ನಾನು. ಮೂವರಿಗೂ ಕಂಪ್ಯೂಟರಿನ ಹುಚ್ಚು. ಹೊಸದರ ಹುಚ್ಚಲ್ಲ, ಹಳೆಯದನ್ನು ಬಿಡದ ಹುಚ್ಚು.

ಭಾನುವಾರ ಹನ್ನೊಂದರ ಹೊತ್ತಿಗೆ ಅಣ್ಣ ಬಸ್ಸಿಳಿದು ಬರುತ್ತಿದ್ದ. ಗಿರಾಕಿಗಳು ಬಾರದಿರಲೆಂದು ನಾನು ಶಟರ್ ಅರ್ಧಕ್ಕೆ ಎಳೆಯುತ್ತಿದ್ದೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿಕೊಂಡು, ಆ ವಾರ ಮನಸ್ಸು ಹಗುರ ಮಾಡಿಕೊಳ್ಳಲು ಏನೇನು ಆಡಿದೆವೆಂದು ಒಬ್ಬೊಬ್ಬರೂ ಆಡಿ ತೋರಿಸಬೇಕು. ಎಣ್ಣೆ ಕೈಯಲ್ಲಿ ಕೀಬೋರ್ಡ್ ಮುಟ್ಟುವಂತಿಲ್ಲ ಎನ್ನುವುದು ನನ್ನ ಕಾನೂನು.

ಮೇಷ್ಟ್ರದು ಚೆಸ್. ಯಂತ್ರವನ್ನು ಅತ್ಯಂತ ಕೆಳಗಿನ ಮಟ್ಟಕ್ಕೆ ಇಳಿಸಿಟ್ಟು ಆಡುತ್ತಿದ್ದರು, ಅದರಲ್ಲೂ ಮಂತ್ರಿ ಹೋದ ಕೂಡಲೇ ನಡೆಯನ್ನು ವಾಪಸ್ಸು ತೆಗೆದುಕೊಳ್ಳುತ್ತಿದ್ದರು.

“ಏನ್ ಮೇಷ್ಟ್ರೇ, ನಿಮ್ಮ ಹುಡುಗ್ರು ಪರೀಕ್ಷೇಲಿ ಹಿಂಗೆ ವಾಪಸ್ ತಗಂಡಿದ್ರೆ ಬಿಡ್ತಿದ್ರೇನು?” ಎಂದು ಅಣ್ಣ ಕೆಣಕುತ್ತಿದ್ದ.

“ರಿಟೈರ್ ಆದ್ಮೇಲೆ ಎಲ್ಲಾರೂ ಪಾಸ್ ಕಣಯ್ಯ,” ಎನ್ನುತ್ತಿದ್ದರು ಮೇಷ್ಟ್ರು.

ನನ್ನದು ಇಸ್ಪೀಟು. ಒಬ್ಬನೇ ಕೂತು ಎಲೆಗಳನ್ನು ವಿಂಗಡಿಸುವ ಆಟ, ಪ್ರತಿ ಆಟಕ್ಕೂ ಒಂದು ನಂಬರು ಇರುತ್ತದೆ. ನಾನು ಒಂದರಿಂದ ಶುರು ಮಾಡಿ ವರಸೆಯಾಗಿ ಆಡುತ್ತಾ ಬಂದವನು. ಗೆಲ್ಲದೆ ಮುಂದಿನ ನಂಬರಿಗೆ ಹೋಗುವುದಿಲ್ಲ, ಗೆದ್ದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

“ಲೇ, ನೀನು ಇಸ್ಪೀಟ್ ಆಡ್ತಿಲ್ಲ ಕಣಲೇ, ಹಮಾಲಿ ಮಾಡ್ತಿದೀಯ,” ಎಂದಿದ್ದ ಅಣ್ಣ. “ಒಂದು ಚೀಲನೂ ಕೆಳಗೆ ಬಿಡಲ್ಲ.”

ನಾನು ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡೆ.

ಅಣ್ಣನದು ಪೆಟ್ಟಿಗೆ ದೂಡುವ ಆಟ. ಚೌಕಚೌಕದ ಗೋಡೌನು, ಒಳಗೊಬ್ಬ ಸಣ್ಣ ಹಮಾಲಿ, ಗುರುತು ಮಾಡಿದ ಜಾಗಕ್ಕೆ ಪೆಟ್ಟಿಗೆಗಳನ್ನು ದೂಡಬೇಕು. ದೂಡಬಹುದು, ಎಳೆಯುವಂತಿಲ್ಲ. ಮೂಲೆಗೆ ಹೋದ ಪೆಟ್ಟಿಗೆ ಮತ್ತೆ ಬರುವುದಿಲ್ಲ. ಆಟದ ಜೊತೆ ಬರುವ ಅರವತ್ತು ಗೋಡೌನು ಮುಗಿದ ಮೇಲೆ ಬೇಕಾದರೆ ನಾವೇ ಹೊಸ ಗೋಡೌನು ಕಟ್ಟಿಕೊಳ್ಳಬಹುದು. ಒಂದೊಂದು ಚೌಕಕ್ಕೂ ಹೋಗಿ ಗೋಡೆ, ನೆಲ, ಪೆಟ್ಟಿಗೆ, ಗುರುತು, ಏನು ಬೇಕೋ ಇಡುವುದು. ಎರಡು ವರ್ಷದಿಂದ ಅಣ್ಣ ಪೆಟ್ಟಿಗೆ ದೂಡುವುದನ್ನು ಬಿಟ್ಟು ಗೋಡೌನು ಕಟ್ಟುವುದಕ್ಕೇ ಕೂತಿದ್ದ. ಒಮ್ಮೆ ಪೆನ್‌ಡ್ರೈವಿನಲ್ಲಿ ಒಂದನ್ನು ತಂದು ತೋರಿಸಿದ. ಪರದೆಯ ಉದ್ದಕ್ಕೂ ಸಾಲಾಗಿ ನವಿಲು.

“ಈ ಗೋಡೌನಿಗೆ ಬಾಗಿಲೇ ಇಲ್ಲವಲ್ಲಣ್ಣ,” ಎಂದು ನಾನು ನಕ್ಕೆ. “ನಿನ್ನ ಹಮಾಲಿ ಒಳಗೇ ಸಾಯ್ತಾನೆ.”

“ಸಾಯ್ಲಿ ಬಿಡು,” ಎಂದ. ಮತ್ತೊಂದನ್ನು ತರಲಿಲ್ಲ.

ಅವನ ಕಸುಬು ಸೀರೆಯ ಡಿಸೈನ್ ಬರೆಯುವುದು. ಗ್ರಾಫ್ ಹಾಳೆಯ ಮನೆಮನೆಗೂ ಬಣ್ಣ ತುಂಬಿ ಅಂಚು, ಸೆರಗು, ಬುಟ್ಟ ಬರೆಯುತ್ತಿದ್ದ. ಆ ಹಾಳೆ ನೋಡಿಕೊಂಡು ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತಾರೆ, ತೂತಿನ ಲೆಕ್ಕಕ್ಕೆ ಮಗ್ಗದಲ್ಲಿ ಎಳೆ ಏಳುತ್ತದೆ. ಇಷ್ಟೆಲ್ಲ ನನಗೆ ಗೊತ್ತಿತ್ತು. ಹಾಳೆಯ ಮನೆಯೂ ಆಟದ ಚೌಕವೂ ಒಂದೇ ಎನ್ನುವುದು ಮಾತ್ರ ಹೊಳೆಯಲಿಲ್ಲ.

ಕಳೆದ ವರ್ಷ ಅವನ ಕಂಪ್ಯೂಟರ್ ನಿಧಾನವಾಯಿತು. ಒಂದು ಮದುವೆಗೆಂದು ಆ ಕಡೆ ಹೋಗಿದ್ದೆ, ಹಾಗೇ ಅವನ ಮನೆಗೂ ಹೋದೆ. ಮುಂದಿನ ಕೋಣೆಯಲ್ಲಿ ಮಗ್ಗ, ಅದರ ಪಕ್ಕದ ಮೂಲೆಯಲ್ಲಿ ಕಂಪ್ಯೂಟರ್.

“ಆಟ ಓಪನ್ ಆಗೋ ಹೊತ್ತಿಗೆ ಒಂದು ಲೋಟ ಕಾಫಿ ಮುಗಿತೈತೆ ನೋಡು,” ಎಂದ.

“ಕೊಡಿಲ್ಲಿ, ಹೊಸ ಮದುಮಗನ್ನ ಮಾಡಿ ಕಳಿಸ್ತೀನಿ.”

“ಅಲ್ಲಲೇ, ಆ ಆಟದಾಗೆ ನಂದು...”

“ಅಣ್ಣ, ಅದನ್ನ ನಂಗೆ ಹೇಳ್ಕೊಡಬ್ಯಾಡ. ಇಪ್ಪತ್ತೈದು ವರ್ಷ ಆತು ಈ ಕೆಲಸಕ್ಕೆ.”

ಡಬ್ಬವನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಚಳ್ಳಕೆರೆಗೆ ತಂದೆ. ಫೋಟೋ, ಕಾಗದಪತ್ರ, ಅಳಿಯನ ಮನೆಯವರ ವಿಡಿಯೋ ಎಲ್ಲವನ್ನೂ ಬೇರೆ ಡಿಸ್ಕಿಗೆ ಎತ್ತಿಟ್ಟೆ. ಆಟದ ಫೋಲ್ಡರ್ ಕಂಡಿತು. ಆಟ ತಾನೆ, ಹೊಸದಾಗಿ ಹಾಕಿಕೊಟ್ಟರಾಯಿತು ಎಂದುಕೊಂಡೆ. ಡಿಸ್ಕ್ ಪೂರ್ತಿ ಒರೆಸಿ ಹೊಸ ವಿಂಡೋಸ್ ಹಾಕಿದೆ. ಒಳಗಿನ ಧೂಳನ್ನು ಬ್ರಷ್ಷಿನಿಂದ ತೆಗೆದೆ. ಕೆಲಸ ಚೊಕ್ಕವಾಗಿತ್ತು.

ಮುಂದಿನ ಭಾನುವಾರ ನಾನೇ ಹೊತ್ತು ಹೋಗಿ ಜೋಡಿಸಿಕೊಟ್ಟೆ. ಗುಂಡಿ ಒತ್ತಿದ್ದೇ ತಡ, ಪರದೆ ಬಂತು. ಅಣ್ಣ ಆಟ ತೆಗೆದ. ಮೊದಲನೇ ಗೋಡೌನು ತೆರೆಯಿತು. ಅವನು ತಾನು ಕಟ್ಟಿದವುಗಳ ಪಟ್ಟಿಗೆ ಹೋದ. ಖಾಲಿ. ಹಿಂದೆ ಬಂದು ಮತ್ತೆ ಹೋದ. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಬಾಣದ ಕೀ ಒತ್ತುತ್ತಿದ್ದುದನ್ನು ನಾನು ನೋಡಿದ್ದು ಅವತ್ತು. ಅಂಗಡಿಯಲ್ಲಿ ಅವನು ಯಾವಾಗಲೂ ಬಲಗೈಯನ್ನು ಟವೆಲ್ಲಿನ ಕೆಳಗೆ ಇಟ್ಟುಕೊಂಡು ಎಡಗೈಯಲ್ಲೇ ಆಡುತ್ತಿದ್ದ.

“ನಂದು ಎಲ್ಲಿ ಹೋದ್ವು?” ಎಂದ.

ನಾನು ಅರ್ಧ ನಿಮಿಷವೂ ತೆಗೆದುಕೊಳ್ಳಲಿಲ್ಲ. “ಡಿಸ್ಕ್ ಕೆಟ್ಟಿತ್ತಣ್ಣ. ಸಿಕ್ಕಿದ್ದಷ್ಟು ತೆಗ್ದೆ,” ಎಂದೆ.

ಅಕ್ಕ, ಅಂದರೆ ಅವನ ಹೆಂಡತಿ, ಮಗ್ಗದ ಕಡೆಯಿಂದ ಎದ್ದು ಬಂದಳು. “ಏಮಾಯ್ನ? ಏನಾತು, ಎಲ್ಲಾ ಹೋದ್ವಾ?” ಎಂದಳು. ಅವರ ಮನೆಮಾತು ತೆಲುಗು, ನನ್ನ ಜೊತೆ ಎರಡನ್ನೂ ಕಲಸಿ ಆಡುತ್ತಾಳೆ. ಆಮೇಲೆ ನನ್ನ ಕಡೆ ತಿರುಗಿ, “ಚೆಯ್ಯಿ ವಣುಕುತುಂದಿ ಕದಾ. ಕೈ ನಡುಗಿ ಪೆನ್ಸಿಲ್ ಮನೆಯೊಳಗೆ ನಿಲ್ಲಲ್ಲ. ಎರಡು ವರ್ಷದಿಂದ ಇದರಾಗೇ ಬರೀತಿದ್ರು. ಇವರಪ್ಪ ನೇಯ್ತಿದ್ದ ಅಂಚು ಎಲ್ಲಾ. ನಲವತ್ತೊಂದು ಆಗಿದ್ವು,” ಎಂದಳು.

“ಊರ್ಕೋವೇ,” ಎಂದು ಅಣ್ಣ ಅವಳನ್ನು ಸುಮ್ಮನಿರಿಸಿದ.

ಅವತ್ತು ಮೆಲ್ಲಗೆ ಎಲ್ಲ ಹೇಳಿದ. ಗೋಡೆ ಎಂದರೆ ಜರಿ, ಪೆಟ್ಟಿಗೆ ಕೆಂಪು ರೇಷ್ಮೆ, ಗುರುತು ಹಸಿರು, ನೆಲ ಸೀರೆಯ ಮೈಬಣ್ಣ. ಕಾಗದದ ಮೇಲೆ ಒಂದೂ ಇರಲಿಲ್ಲ, ಅವರಪ್ಪ ಕಾಗದ ಇಟ್ಟವರಲ್ಲ, ನೇಯ್ದ ಸೀರೆಗಳು ಯಾರ ಯಾರ ಮನೆ ಸೇರಿದ್ದವೋ. ನೆನಪಿದ್ದದ್ದು ಇವನೊಬ್ಬನಿಗೆ. ಕೈ ನಡುಗುತ್ತದೆಂದು ಗೊತ್ತಾದರೆ ಓಣಿಯಲ್ಲಿ ಯಾರೂ ಡಿಸೈನ್ ಕೆಲಸ ಕೊಡುವುದಿಲ್ಲ, ಅದಕ್ಕೆ ಆಟ ಆಡುತ್ತಿದ್ದೇನೆಂದು ಹೇಳಿಕೊಂಡು ಬಂದ. ವಯಸ್ಸಾದ ಮೇಲೆ ಮಕ್ಕಳ ಹಾಗೆ ಆಟಕ್ಕೆ ಬಿದ್ದಿದ್ದಾನೆ ಎಂದು ಓಣಿಯವರು ನಕ್ಕರು, ನಗಲಿ ಎಂದು ಬಿಟ್ಟ. ಇಷ್ಟು ಹೇಳಿ, “ಹೋಗ್ಲಿ ಬಿಡಲೇ, ಡಿಸ್ಕಿಗೇನು ಗೊತ್ತಾಗ್ತೈತೆ,” ಎಂದು ನನಗೇ ಸಮಾಧಾನ ಹೇಳಿದ.

ಡಿಸ್ಕ್ ಬಿಚ್ಚಿಕೊಂಡು ವಾಪಸ್ಸು ಬಂದೆ. ಒಂದು ವಾರ ಬೇರೆ ಕೆಲಸ ಮುಟ್ಟಲಿಲ್ಲ. ಅಳಿಸಿದ್ದನ್ನು ಹುಡುಕಿ ತೆಗೆಯುವ ಎಲ್ಲ ದಾರಿಗಳನ್ನೂ ನೋಡಿದೆ. ನಾನು ಹಾಕಿದ ಹೊಸ ವಿಂಡೋಸ್ ಹಳೆಯದರ ಮೇಲೆಯೇ ಕೂತಿತ್ತು. ಒಂಬತ್ತು ಪೂರ್ತಿ ಸಿಕ್ಕವು. ಒಂದರಲ್ಲಿ ಹಂಸದ ತಲೆ ಮಾತ್ರ ಇತ್ತು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಒಂಬತ್ತು ಸಿಕ್ಕವೆಂದು ಅಣ್ಣನಿಗೆ ಫೋನ್ ಮಾಡಿ ಹೇಳಿದೆ.

ಆ ಭಾನುವಾರ ಅಣ್ಣ ಬರಲಿಲ್ಲ. ಮೇಷ್ಟ್ರು ಬಂದರು. ನಾನು ಅವರಿಗೂ ಡಿಸ್ಕಿನ ಕಥೆಯನ್ನೇ ಹೇಳಿದೆ. ಅವರು ಚೆಸ್ ತೆಗೆಯಲಿಲ್ಲ. ಆ ಡಿಸ್ಕನ್ನು ಪರೀಕ್ಷೆ ಮಾಡಿದ ಫಲಿತಾಂಶ ಮೇಜಿನ ಮೇಲಿನ ಪರದೆಯಲ್ಲಿ ಇನ್ನೂ ಇತ್ತು, ಕನ್ನಡಕ ಏರಿಸಿ ಓದಿದರು.

“ಡಿಸ್ಕ್ ಗಟ್ಟಿಮುಟ್ಟಾಗೈತಲ್ಲಯ್ಯ,” ಎಂದರು.

ನಾನು ಪರದೆ ಆರಿಸಿದೆ.

“ನಾನು ನಡೆ ವಾಪಸ್ ತಗಳ್ಳೋದು ಯಂತ್ರದ ಮುಂದೆ. ಮನುಷ್ಯನ ಮುಂದೆ ತಗಳ್ಳಬೇಕು ಅಂದ್ರೆ ಹೋಗಿ ಬಾಯಿ ಬಿಡ್ಬೇಕು,” ಎಂದು ಚೀಲ ತೆಗೆದುಕೊಂಡು ಎದ್ದರು. ಬಜ್ಜಿ ಹಾಗೇ ಉಳಿಯಿತು.

ಆದರೂ ನಾನು ಹೋದದ್ದು ಮೂರು ವಾರ ತಡೆದು. ತಪ್ಪು ಮಾಡುವವನು ನಾನಲ್ಲ ಎಂದು ನಲವತ್ತು ವರ್ಷ ಹೇಳಿಕೊಂಡು ಬಂದ ಬಾಯಿ ಅದು. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೆ, ಅಚ್ಚುಮೊಳೆಯ ಹಾಗೆ ಒಂದೊಂದೇ. ಅವನ ಮುಂದೆ ಕೂತಾಗ ಎಲ್ಲ ಚೆಲ್ಲಿಹೋಯಿತು. “ಡಿಸ್ಕ್ ಕೆಟ್ಟಿರಲಿಲ್ಲಣ್ಣ. ನಾನೇ ಒರೆಸಿದ್ದು. ಕೇಳಲಿಲ್ಲ,” ಎಂದಷ್ಟೇ ಹೇಳಿದೆ.

ಅಣ್ಣ ಮಗ್ಗದ ಕಡೆ ತಿರುಗಿದ.

“ಗೊತ್ತಿತ್ತು,” ಎಂದ. “ಡಿಸ್ಕ್ ನಿಜವಾಗ್ಲೂ ಕೆಟ್ಟಿದ್ರೆ ನೀನು ಹೊಸದು ಹಾಕಿ ಬದುಕಿಸ್ದೆ ಅಂತ ಪರಶುರಾಂಪುರದವರೆಗೂ ಹೇಳ್ಕಂಡು ತಿರುಗ್ತಿದ್ದೆ. ಅವತ್ತು ನೀನು ಒಂದು ಮಾತೂ ಜಂಬ ಕೊಚ್ಚಲಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲೂ ಇಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. “ಒಂಬತ್ತು ಸಿಕ್ಕವಲ್ಲ, ಹಾಕು,” ಎಂದ.

ಅಲ್ಲಿಂದ ಭಾನುವಾರದ ದಾರಿ ತಿರುಗಿತು. ನಾನು ಹೋಗತೊಡಗಿದೆ. ಅವನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಹೇಳುವುದು, ನಾನು ಕೀ ಒತ್ತುವುದು. “ಎರಡು ಮನೆ ಜರಿ, ಒಂದು ಬಿಡು, ಮೂರು ಕೆಂಪು. ಕೆಳಗಿಳಿ.” ನನ್ನ ಕೈ ಚುರುಕು, ಅವನ ಮಾತು ನಿಧಾನ. ಮೊದಲೆರಡು ಅಂಚು ಬಂದವು. ಆಮೇಲೆ ನಡುವೆ ನಿಲ್ಲತೊಡಗಿದ. “ತಡಿ, ಮುಂದಿಂದು ಬರ್ತಾ ಇಲ್ಲ,” ಎನ್ನುವನು. ತೊಡೆಯ ಮೇಲೆ ಬೆರಳುಗಳನ್ನು ಆಡಿಸಿ ನೋಡುವನು. ಬೆರಳಿಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ. ಬೆರಳುಗಳೋ, ತಮ್ಮ ಪಾಡಿಗೆ ತಾವು ನಡುಗುತ್ತಿದ್ದವು. ಹತ್ತು ತಿಂಗಳಲ್ಲಿ ಆರು ಅಂಚು ಆದವು. ನವಿಲನ್ನು ನಾಲ್ಕು ಸಲ ಶುರು ಮಾಡಿದೆವು, ಕುತ್ತಿಗೆಯಿಂದ ಕೆಳಗೆ ಬರಲಿಲ್ಲ. ನಾನು ಆ ನವಿಲನ್ನು ನನ್ನ ಅಂಗಡಿಯಲ್ಲಿ ಕಣ್ಣಾರೆ ನೋಡಿದವನು. ಬಾಗಿಲಿಲ್ಲ ಎಂದು ನಕ್ಕದ್ದು ನೆನಪಿದೆ, ಚೌಕಗಳು ನೆನಪಿಲ್ಲ.

ಎರಡು ತಿಂಗಳ ಹಿಂದೆ ಅಣ್ಣ, “ಸಾಕು ಬಿಡಲೇ. ಬರಲ್ಲ ಇನ್ನ,” ಎಂದ. “ಇಲ್ಲಿಗಂಟ ಬಂದಿದೀಯ, ಸುಮ್ನೆ ಆಟ ಆಡು, ನೋಡ್ತೀನಿ.”

ಈಗ ಅದನ್ನೇ ಮಾಡುತ್ತೇವೆ. ಆಟದ ಜೊತೆ ಬಂದ ಅರವತ್ತು ಗೋಡೌನನ್ನು ಮೊದಲಿನಿಂದ ದೂಡುತ್ತಿದ್ದೇನೆ. ಅವನು ಎಡ, ಬಲ ಎನ್ನುತ್ತಾನೆ. ಪೆಟ್ಟಿಗೆ ಮೂಲೆಗೆ ಹೋದರೆ, “ಅಲ್ಲೇ ಐತಲ್ಲೋ ವಾಪಸ್ಸಿನ ಗುಂಡಿ, ಒತ್ತು. ಮೇಷ್ಟ್ರೂ ಒತ್ತಲ್ವೇನು,” ಎನ್ನುತ್ತಾನೆ. ನಾನು ಒತ್ತುವುದಿಲ್ಲ, ಮೊದಲಿನಿಂದ ದೂಡುತ್ತೇನೆ. ಅಕ್ಕ ಮಗ್ಗ ನಿಲ್ಲಿಸದೆ ನಗುತ್ತಾಳೆ. ಅವಳು ಈಗ ನೇಯುತ್ತಿರುವುದು ಬೇರೆ ಯಾರೋ ಬರೆದ ಅಂಚು.

ನನಗೀಗ ಐವತ್ತೈದು. ನನ್ನ ಬಳಿ ಇರುವುದು ಹೀಗೆ. ಚಳ್ಳಕೆರೆಯಲ್ಲಿ ಒಂದು ಅಂಗಡಿ. ನಡೆಯುವ ಕಂಪ್ಯೂಟರ್ ಮೂರು. ನೋಟ್‌ಬುಕ್ಕಿನಲ್ಲಿ ಗೆದ್ದ ಇಸ್ಪೀಟಿನಾಟ ಎರಡು ಸಾವಿರದ ಮುನ್ನೂರ ಹನ್ನೆರಡು, ಅಲ್ಲಿಗೆ ನಿಂತಿದೆ. ಗೆಳೆಯರು ಇಬ್ಬರು. ಮೂರು ಕಡೆ ನಕಲು ಮಾಡಿಟ್ಟ ಅಂಚು ಹದಿನೈದು. ಇಲ್ಲದ್ದು ಇಪ್ಪತ್ತಾರು.