ನಿಂತು ನಕ್ಕವಳು

ಓಣಿಯವರು ಟೈಲರಮ್ಮನಿಗೆ ಇಟ್ಟ ಹೆಸರು ಗಂಟುಮುಖಿ. ಯಾರು ಏನೇ ತಮಾಷೆ ಮಾಡಲಿ, ಅವಳು ತುಟಿ ಬಿಗಿದು ಸೂಜಿಗೆ ದಾರ ಪೋಣಿಸುತ್ತಿದ್ದಳು. ನಗು ಬರುತ್ತಿರಲಿಲ್ಲ ಎಂದಲ್ಲ, ನಕ್ಕರೆ ಬೀಳುತ್ತಿದ್ದಳು. ಹದಿಹರೆಯದಿಂದಲೂ ಹಾಗೆ. ನಗು ಉಕ್ಕಿದೊಡನೆ ದವಡೆ ಜೋಲುತ್ತಿತ್ತು, ಮಂಡಿ ಕುಸಿಯುತ್ತಿತ್ತು. ಎಲ್ಲರ ಮಾತೂ ಕೇಳಿಸುತ್ತಿತ್ತು, ಏಳಲು ಮಾತ್ರ ಆಗುತ್ತಿರಲಿಲ್ಲ. ಜೊತೆಗೆ ಹಗಲುನಿದ್ದೆಯ ಕಾಟ ಬೇರೆ. ಒಮ್ಮೆ ತೂಕಡಿಸುತ್ತಲೇ ಹೊಲಿದು, ಅಂಗಿಯ ತೋಳನ್ನು ಕೊರಳಿಗೆ ಕೂಡಿಸಿಬಿಟ್ಟಿದ್ದಳು. ಸೋಮಾರಿ ಎಂದವರಿಗೆ ಲೆಕ್ಕವಿಲ್ಲ. ನಾಟಕ ಎಂದವಳು ಒಡಹುಟ್ಟಿದ ಅಕ್ಕ.

ಗಂಡ ಬಸ್ ಕಂಡಕ್ಟರ್, ಇಡೀ ಬಸ್ಸನ್ನೇ ನಗಿಸುವ ಮಾತುಗಾರ. ಹೆಂಡತಿ ಬಿದ್ದಾಳೆಂಬ ಭಯಕ್ಕೆ ಮನೆಯಲ್ಲಿ ಮಾತ್ರ ಬಾಯಿಗೆ ಬೀಗ.

ಇಸ್ತ್ರಿ ಮಾಡುತ್ತಲೇ ನಿದ್ದೆ ಹತ್ತಿ ಅವಳು ಅಂಗೈ ಸುಟ್ಟುಕೊಂಡ ದಿನ, ಅವನು ಹಟ ಹಿಡಿದು ನಿದ್ದೆಯ ಕಾಯಿಲೆ ನೋಡುವ ವೈದ್ಯೆಯ ಬಳಿ ಕರೆದೊಯ್ದ. ವೈದ್ಯೆ ಅದೂ ಇದೂ ವಿಚಾರಿಸಿ, ಅದುವರೆಗೆ ಯಾರೂ ಕೇಳದ ಒಂದು ಮಾತು ಕೇಳಿದರು.

"ನಕ್ಕಾಗ ಏನಾಗುತ್ತಮ್ಮ?"

ಟೈಲರಮ್ಮ ಗಂಡನ ಮುಖ ನೋಡಿದಳು. "ಬಿದ್ದುಹೋಗ್ತೀನಿ ಡಾಕ್ಟ್ರೇ. ಅದೂ ಕಾಯಿಲೆನಾ?"

"ಇರ್ಬಹುದು. ಮಲಗಿಸಿ ನೋಡೋಣ."

ತಲೆಗೆ, ಗಲ್ಲಕ್ಕೆ, ಕಾಲಿಗೆ ತಂತಿ ಅಂಟಿಸಿ ರಾತ್ರಿಯ ನಿದ್ದೆ ಅಳೆದರು. ಮರುದಿನ ಹಗಲಲ್ಲೂ ಎರಡೆರಡು ಗಂಟೆಗೊಮ್ಮೆ ಪರದೆ ಎಳೆದು, ಸ್ವಲ್ಪ ಹೊತ್ತು ಮಲಗಿ ಎಂದರು. ಇಷ್ಟು ವರ್ಷ ಬೈಸಿಕೊಂಡ ಕೆಲಸವನ್ನೇ ಮಾಡು ಎನ್ನುತ್ತಾರಲ್ಲ ಎಂದು ಅವಳಿಗೆ ಸೋಜಿಗ. ದಿಂಬಿಗೆ ತಲೆ ತಾಗಿದ್ದೇ ತಡ, ಪ್ರತಿ ಸಲವೂ ನಿದ್ದೆ. ಬಹಳಷ್ಟು ಸಲ ನಿದ್ದೆಯ ಬೆನ್ನಿಗೇ ಕನಸು. ಉಳಿದವರಿಗೆ ಗಂಟೆ ಕಳೆದ ಮೇಲೆ ಬರುವ ಕನಸು ಇವಳಿಗೆ ಆಗಲೇ ಬಂದದ್ದನ್ನು ತಂತಿಗಳು ತೋರಿಸಿದವು; ಆ ಅವಸರದ ಕನಸಿನಿಂದಲೇ ಕಾಯಿಲೆ ಪತ್ತೆಯಾಯಿತು. ಇದಕ್ಕೆ ನಾರ್ಕೊಲೆಪ್ಸಿ ಅಂತಾರೆ, ನಗುವಾಗ ಮೈ ಸೋಲುವುದೂ ಇದರದೇ ಭಾಗ, ಪೂರ್ತಿ ಹೋಗದಿದ್ದರೂ ಹತೋಟಿಗೆ ಬರುತ್ತದೆ ಎಂದು ವೈದ್ಯೆ ಬಿಡಿಸಿ ಹೇಳಿದರು.

"ನೀವು ಸೋಮಾರಿ ಅಲ್ಲಮ್ಮ."

ಟೈಲರಮ್ಮ ಅಂಗೈಯಿಂದ ಕಣ್ಣೊರೆಸಿಕೊಂಡಳು.

ಮಾತ್ರೆ ಶುರುವಾಯಿತು, ಮಧ್ಯಾಹ್ನಕ್ಕೊಂದು ಸಣ್ಣ ನಿದ್ದೆ ಕಡ್ಡಾಯವಾಯಿತು. ಒಂದೆರಡು ಸಲ ಮಾತ್ರೆ ಬದಲಿಸಿದ ಮೇಲೆ ಹಗಲುಗಳು ತಿಳಿಯಾದವು, ಹೊಲಿಗೆ ನೇರವಾಯಿತು.

ಒಂದು ಸಂಜೆ ಗಂಡ ಧೈರ್ಯ ಮಾಡಿ ಬಾಯಿ ಬಿಟ್ಟ. ಯಾರೋ ಬಟ್ಟೆ ಅಂಗಡಿಯ ಗೊಂಬೆಯೊಂದನ್ನು ಬಸ್ಸಿನ ಸೀಟಿನಲ್ಲಿ ಕೂರಿಸಿದ್ದರಂತೆ. ಅಜ್ಜನೊಬ್ಬ ಅದಕ್ಕೆ ಮೂರು ಸಲ "ಸ್ವಲ್ಪ ಸರೀರಿ" ಎಂದು ಹೇಳಿ, ಕೊನೆಗೆ ಇವನ ಬಳಿ ದೂರು ತಂದನಂತೆ: "ಆಯಮ್ಮಂಗೆ ಎಷ್ಟು ಸೊಕ್ಕು ನೋಡಿ."

ನಗು ನುಗ್ಗಿ ಬಂತು. ಅಭ್ಯಾಸಬಲದಿಂದ ಅವಳು ಮೇಜಿನ ಅಂಚು ಹಿಡಿದಳು. ಮಂಡಿ ಅಲುಗಲಿಲ್ಲ. ಒಂದೊಂದೇ ಬೆರಳು ಸಡಿಲಿಸಿ, ಆಮೇಲೆ ಎರಡೂ ಕೈ ಬಿಟ್ಟು, ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಹಿಡಿಯಲು ಓಡಿ ಬಂದ ಗಂಡ ಕೈ ಚಾಚಿಕೊಂಡು ಹಾಗೇ ನಿಂತುಬಿಟ್ಟ.

"ಇನ್ನೊಂದು ಹೇಳಿ," ಎಂದಳು.

ಸದ್ದಿಗೆ ಪಕ್ಕದ ಮನೆಯಾಕೆ ಗಾಬರಿಯಿಂದ ಬಾಗಿಲಿಗೆ ಬಂದಳು. ಟೈಲರಮ್ಮ ಅವಳನ್ನೂ ಒಳಗೆಳೆದು ಕೂರಿಸಿದಳು.