ಪೋಸ್ಟ್‌ಮಾಸ್ಟರ್ ರಿಪೇರಿ ಮಾಡಿದ ಹರಟೆಕಟ್ಟೆ

ತೂಕದ ಯಂತ್ರ ರಿಪೇರಿ ಮಾಡುವ ಅವರಿಗೂ ಅಂಚೆ ಇಲಾಖೆಗೂ ಎಳ್ಳಷ್ಟೂ ಸಂಬಂಧವಿರಲಿಲ್ಲ. ಆದರೂ ಬೀದಿಗೆಲ್ಲ ಅವರು ಪೋಸ್ಟ್‌ಮಾಸ್ಟರ್. ಇಂಟರ್ನೆಟ್ಟು ಮನೆಮನೆಗೆ ಬರುವ ಮುಂಚೆ ಅವರೂ ಅವರ ತಮ್ಮನೂ ಮನೆಯ ಫೋನಿಗೆ ಕಂಪ್ಯೂಟರ್ ಜೋಡಿಸಿ ಒಂದು ಹರಟೆಕಟ್ಟೆ ನಡೆಸುತ್ತಿದ್ದರು. ಊರಿನ ಹವ್ಯಾಸಿಗಳು ತಮ್ಮ ಕಂಪ್ಯೂಟರಿನಿಂದ ಆ ಫೋನಿಗೆ ಕರೆ ಮಾಡಿ, ಸಂದೇಶ ಬರೆದಿಟ್ಟು, ಉಳಿದವರು ಬರೆದದ್ದನ್ನು ಓದಿಕೊಂಡು ಹೋಗುತ್ತಿದ್ದರು. ತಮ್ಮ ಬರೆಯುವವನು, ಅಣ್ಣ ‘ಪೋಸ್ಟ್‌ಮಾಸ್ಟರ್’ ಎಂದು ಸಹಿ ಹಾಕಿ ಗದರುವವರು. ತನಗೆ ಮಗಳು ಹುಟ್ಟಿ ತಿಂಗಳಾಗುವ ಮೊದಲೇ ತಮ್ಮ ಲಾರಿಗೆ ಸಿಕ್ಕಿ ತೀರಿಹೋದ. ಅವತ್ತು ಆರಿಸಿದ ಕಂಪ್ಯೂಟರನ್ನು ಮತ್ತೆ ಯಾರೂ ಮುಟ್ಟಲಿಲ್ಲ.

ವಯಸ್ಸಾದ ಮೇಲೆ ಪೋಸ್ಟ್‌ಮಾಸ್ಟರಿಗೆ ಆ ಹಳೆಯ ಸಾಫ್ಟ್‌ವೇರಿನ ಹುಚ್ಚು ಮರುಕಳಿಸಿತು. ಈಗಿನ ಕಂಪ್ಯೂಟರಿನಲ್ಲಿ ಅದು ಏಳುತ್ತಲೇ ಇರಲಿಲ್ಲ. ಎದ್ದರೂ, ಶತಮಾನ ಬದಲಾದ ಸುದ್ದಿ ಅದಕ್ಕೆ ಮುಟ್ಟದೆ, ಹಳೇ ತಾರೀಖನ್ನೇ ಹಿಡಿದುಕೊಂಡು ಕೂತಿರುತ್ತಿತ್ತು. ಇವರು ಅದರ ಬೆನ್ನು ಬಿದ್ದು ಎಲ್ಲವನ್ನೂ ಸರಿಪಡಿಸಿದರು. ಮೊದಲ ಪರದೆಯ ಮೇಲೆ ‘ಜೀರ್ಣೋದ್ಧಾರ: ಪೋಸ್ಟ್‌ಮಾಸ್ಟರ್’ ಎಂದು ದಪ್ಪಕ್ಷರದಲ್ಲಿ ಕೂರಿಸಿಕೊಂಡರು. ಕೇಳಿದವರಿಗೆಲ್ಲ ಪುಕ್ಕಟೆ ಹಂಚಿದರು, ಕೇಳದವರಿಗೂ ಹಂಚಿದರು. ಜೊತೆಗೊಂದು ಉಪದೇಶ: ‘ಹಳೇ ಡಿಸ್ಕಿನ ನಕಲು ತೆಗೆಯದೆ ಇದನ್ನು ಓಡಿಸುವವನು ಶತಮೂರ್ಖ.’

ಒಂದು ಭಾನುವಾರ ತಮ್ಮನ ಹೆಂಡತಿ ಮಗಳನ್ನು ಕರೆದುಕೊಂಡು ಬಂದರು. ಕೈಚೀಲದಲ್ಲಿ, ಹಳೇ ಟವೆಲಿನಲ್ಲಿ ಸುತ್ತಿದ್ದ, ಅವತ್ತು ಆರಿಸಿದ ಕಂಪ್ಯೂಟರಿನ ಹಾರ್ಡ್‌ಡಿಸ್ಕು.

“ನಾನು ಹುಟ್ಟಿದ ವಾರ ಅಪ್ಪ ದಿನಾ ನನ್ನ ವಿಷಯ ಬರೀತಿದ್ರಂತೆ ದೊಡ್ಡಪ್ಪ,” ಎಂದಳು ಮಗಳು. “ಫೋಟೋ ನೋಡಿದೀನಿ. ಅವರ ಮಾತು ಒಂದೂ ಗೊತ್ತಿಲ್ಲ.”

“ಅಷ್ಟೇ ತಾನೇ? ಕೂತ್ಕೋ.”

“ಮೊದಲು ನಕಲು ತೆಗೀಬೇಕು ಅಂತೀರಲ್ಲ ಭಾವ?” ಎಂದರು ತಾಯಿ.

“ಅದು ಬೇರೆಯವರಿಗೆ ಕಣಮ್ಮ. ಅಡುಗೆಯವನು ತನ್ನ ಅಡುಗೆ ತಿನ್ನೋಕೆ ತಾನೇ ಹೆದರ್ತಾನಾ?”

ತಾಯಿ ಮಗಳು ಕುರ್ಚಿ ಹತ್ತಿರ ಎಳೆದುಕೊಂಡರು. ಡಿಸ್ಕು ಗೊರಗುಟ್ಟಿತು. ಮೊದಲು ಜೀರ್ಣೋದ್ಧಾರದ ಬಿರುದು ಬಂತು. ಅದರ ಕೆಳಗೆ: ‘ಒಟ್ಟು ಸಂದೇಶಗಳು: 0.’

“ಸೊನ್ನೆ ಅಂದ್ರೆ, ಇನ್ನೂ ಬರ್ತಾ ಇದೆಯಾ ದೊಡ್ಡಪ್ಪ?”

ಪೋಸ್ಟ್‌ಮಾಸ್ಟರಿಗೆ ಆಗ ಹೊಳೆಯಿತು. ಆಗಿನ ಡಿಸ್ಕುಗಳಲ್ಲಿ ಜಾಗ ಕಮ್ಮಿ. ಹಾಗಾಗಿ ಈ ಸಾಫ್ಟ್‌ವೇರು ಏಳುತ್ತಿದ್ದಂತೆ ಮೊದಲು ಮಾಡುವ ಕೆಲಸ, ತಿಂಗಳಿಗಿಂತ ಹಳೆಯ ಸಂದೇಶಗಳನ್ನು ಗುಡಿಸಿ, ಆ ಜಾಗವನ್ನು ಒರೆಸಿಡುವುದು. ಅಣ್ಣನ ಕಾಟ ತಾಳಲಾರದೆ ಆ ಪೊರಕೆಯನ್ನು ಬರೆದುಕೊಟ್ಟವನೂ ತಮ್ಮನೇ. ಸಾಫ್ಟ್‌ವೇರಿಗೆ ಇವತ್ತಿನ ತಾರೀಖು ತಿಳಿಯದೆ ಇದ್ದಷ್ಟು ಕಾಲ ಆ ಸಂದೇಶಗಳು ಅದರ ಕಣ್ಣಿಗೆ ಹೊಸವೇ ಆಗಿರುತ್ತಿದ್ದವು. ತಾರೀಖು ಕಲಿಸಿದ್ದು ಇವರು. ಪರೀಕ್ಷೆ ಮಾಡಿದ್ದೆಲ್ಲ ತಾವೇ ಆಗತಾನೆ ಬರೆದುಕೊಂಡ ‘ಹಲೋ ಹಲೋ’ಗಳ ಮೇಲೆ.

ಸಂಜೆಯವರೆಗೆ ತಡಕಾಡಿದರು. ಒರೆಸಿದ್ದು ಒರೆಸಿಯೇ ಹೋಗಿತ್ತು. ತಮ್ಮ ಯಾವ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವವನು.

“ಹೋಯ್ತಾ ಭಾವ?” ತಾಯಿ ಡಿಸ್ಕನ್ನು ನೋಡುತ್ತ ಕೇಳಿದರು. “ನಮ್ಮನೇಲಿ ಬೀರುವಿನ ಮೂಲೇಲಿ ಅದರ ಪಾಡಿಗೆ ಇತ್ತು.”

ಪೋಸ್ಟ್‌ಮಾಸ್ಟರ್ ಕನ್ನಡಕ ತೆಗೆದು ಒರೆಸಿದರು. ಕನ್ನಡಕ ಶುಭ್ರವಾಗಿಯೇ ಇತ್ತು.

“ಹೋಗ್ಲಿ ಬಿಡಿ ದೊಡ್ಡಪ್ಪ,” ಎಂದಳು ಹುಡುಗಿ, ಅವರನ್ನೇ ಸಮಾಧಾನ ಮಾಡುವವಳ ಹಾಗೆ. “ಆಗ ನೀವು ಎಲ್ಲಾ ಓದ್ತಿದ್ರಲ್ಲ. ನೆನಪಿರೋದು ಒಂದು ಸಾಲು ಹೇಳಿ, ಸಾಕು.”

ಅವರು ಕಣ್ಣು ಮುಚ್ಚಿ ಹುಡುಕಿದರು. ತಮ್ಮ ಬರೆದದ್ದು ಒಂದಕ್ಷರವೂ ಬರಲಿಲ್ಲ. ನೆನಪಿಗೆ ಬಂದದ್ದು ಅದರ ಕೆಳಗೆ, ಎಲ್ಲರಿಗೂ ಕಾಣುವಂತೆ, ತಾವು ಬರೆದ ಉತ್ತರ: ‘ಮನೆ ವಿಷಯಕ್ಕೆ ಇಲ್ಲಿ ಜಾಗವಿಲ್ಲ. ಚುಟುಕಾಗಿ ಬರೆಯತಕ್ಕದ್ದು. ಪೋಸ್ಟ್‌ಮಾಸ್ಟರ್.’

“ಏನು ಬರೆದಿದ್ರು?” ಹುಡುಗಿ ಮುಂದಕ್ಕೆ ಬಾಗಿದಳು.

“ತಡಿ ಪುಟ್ಟಿ,” ಎಂದರು. “ನೆನಪು ಮಾಡ್ಕೊತಾ ಇದೀನಿ.”