ತಾರಸಿಯ ಮೇಲೊಂದು ಗದ್ದೆ

ಚನ್ನಗಿರಿಯ ನಮ್ಮ ಅಪಾರ್ಟ್‌ಮೆಂಟಿನ ಸಂಘಕ್ಕೆ ನನ್ನನ್ನು ಅಧ್ಯಕ್ಷೆ ಮಾಡಿದ್ದು ಪ್ರೀತಿಯಿಂದೇನಲ್ಲ. ತಾರಸಿ ರಿಪೇರಿಯ ತಲೆನೋವು ಯಾರಿಗೂ ಬೇಕಿರಲಿಲ್ಲ. ನಾನು ಆಗಷ್ಟೇ ಹೈಸ್ಕೂಲಿನಿಂದ ನಿವೃತ್ತಳಾಗಿದ್ದೆ, ಬಾಯಿಯೂ ಜೋರು. ಮಳೆ ಬಂದರೆ ತಾರಸಿ ಸೋರಿ, ನೀರು ಅದರ ಕೆಳಗಿನ ಮನೆಯ ಟೈಲರಮ್ಮನ ಬಟ್ಟೆಗಳ ಮೇಲೆ ಬೀಳುತ್ತಿತ್ತು. ಗಿರಾಕಿಗಳ ರೇಷ್ಮೆಗೆಲ್ಲ ಕಲೆ.

"ಈ ಮಳೆಗಾಲನೂ ಸೋರಿದ್ರೆ ಮನೆ ಖಾಲಿ ಮಾಡ್ತೀನ್ರೀ. ಹೊಲಿಗೆ ಬಿಟ್ರೆ ನನಗೆ ಬ್ಯಾರೆ ಗತಿ ಇಲ್ಲ" ಎಂದು ಆಕೆ ನನ್ನೆದುರು ಕಣ್ಣೊರೆಸಿಕೊಂಡಳು. ಒಬ್ಬಳೇ ದುಡಿದು ಮಗಳನ್ನು ಓದಿಸುತ್ತಿದ್ದ ಹೆಂಗಸು. ನನಗೆ ಹಟ ಬಂತು.

ದಾವಣಗೆರೆಯಿಂದ ಬಂದ ಕಂಟ್ರಾಕ್ಟರು ಮಾತಿನ ಮಲ್ಲ. ಹಳೇ ಗಾರೆ ಕೆತ್ತಿಸಿ, ನೀರು ಇಳಿಯದಂಥ ಹೊಸ ಪದರ ಬಳಿಸಿದ. ನಾನು ದಿನಾ ಛತ್ರಿ ಹಿಡಿದು ಬಿಸಿಲಲ್ಲಿ ನಿಲ್ಲುತ್ತಿದ್ದೆ. ಆಳುಗಳು ನನ್ನನ್ನು ಕಂಡರೆ ಬೀಡಿ ಬಿಸಾಕುತ್ತಿದ್ದರು. ಕೆಲಸ ಮುಗಿದ ದಿನ ಆತ ತಾರಸಿಯಲ್ಲೇ ಪೂಜೆ ಇಟ್ಟುಕೊಂಡ. ತೆಂಗಿನಕಾಯಿ ನಿವಾಳಿಸಿ, "ನೋಡ್ರಿ, ಹೆಂಗೆ ಗಟ್ಟಿ ಐತೆ!" ಎಂದು ಈಡುಗಾಯಿಯನ್ನು ಹೊಸ ಪದರದ ಮೇಲೇ ರಪ್ಪನೆ ಒಗೆದ. ಎಲ್ಲರೂ ಚೂರು ಆರಿಸಿಕೊಂಡು ತಿಂದರು.

"ಪೂಜೆ ಆಯ್ತಲ್ಲ, ಇನ್ನು ನೀರು ಕಟ್ಟಿ ಸೋರ್ತದಾ ನೋಡಾಣ" ಎಂದೆ.

"ದೇವರಿಗೆ ಕಾಯಿ ಒಡೆದ ಮ್ಯಾಲೆ ಅನುಮಾನ ಪಡಬಾರ್ದು ಮೇಡಂ."

"ದೇವರ ಮ್ಯಾಲೆ ನನಗೇನೂ ಅನುಮಾನ ಇಲ್ರಿ. ನಿಮ್ಮ ಮ್ಯಾಲೈತೆ."

ನೀರು ಕಟ್ಟುವುದನ್ನು ನಮ್ಮವರಿಗೆ ಯಾರೂ ಕಲಿಸಬೇಕಿರಲಿಲ್ಲ. ಅರ್ಧ ಜನ ಸಂತೇಬೆನ್ನೂರು, ಉಬ್ರಾಣಿ ಕಡೆ ಹೊಲ ಗದ್ದೆ ಇಟ್ಟುಕೊಂಡವರು. ಮಳೆನೀರಿನ ಪೈಪಿನ ಬಾಯಿಗೆ ಗೋಣಿಚೀಲ ತುರುಕಿ, ಮೆಟ್ಟಿಲ ಬಾಗಿಲಿಗೆ ಮಣ್ಣಿನ ಬದು ಹಾಕಿ, ತಾರಸಿಯನ್ನು ನಾಟಿಗೆ ತಯಾರಾದ ಗದ್ದೆ ಮಾಡಿಬಿಟ್ಟರು.

ಮರುದಿನ ಬೆಳಿಗ್ಗೆ ಟೈಲರಮ್ಮನ ಚಾವಣಿಯಲ್ಲಿ ತೇವ ಮೂಡಿತ್ತು. ಆಕೆ ಬಟ್ಟೆ ಗಂಟು ಕಟ್ಟತೊಡಗಿದಳು. ನಾನು ಉರಿದುಬಿದ್ದು ಕಂಟ್ರಾಕ್ಟರನ್ನು ಕರೆಸಿದೆ.

ಕಂಟ್ರಾಕ್ಟರು ಬಂದವನೇ, "ನಿಮ್ಮೋರೇ ಅಡಿಕೆ ಒಣಗಿಸಾಕೆ ಗೂಟ ಹೊಡೆದಿರ್ಬೇಕು" ಎಂದ. ಕಟ್ಟಿದ್ದ ನೀರನ್ನು ಹೊರಗೆ ಬಿಟ್ಟು ನೋಡಿದೆವು. ತೇವದ ನೇರಕ್ಕೆ ಪದರ ಬಿರಿದಿತ್ತು, ಬಿರುಕಿನಲ್ಲಿ ತೆಂಗಿನ ಚಿಪ್ಪಿನ ಚೂರೊಂದು ನಾಟಿಕೊಂಡಿತ್ತು. ಅದನ್ನು ಕಿತ್ತು ಅವನ ಅಂಗೈಗೆ ಇಟ್ಟೆ.

"ಪ್ರಸಾದ ತಗಳ್ರಿ."

ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಡಿದ್ದುಣ್ಣೋ ಮಹಾರಾಯ! ಸ್ವಲ್ಪ ಹೊತ್ತಿಗೆ ಆತನೂ ನಕ್ಕು ಕಿವಿ ಹಿಡಿದುಕೊಂಡ. ಒಡೆದ ಜಾಗಕ್ಕಷ್ಟೇ ತೇಪೆ ಹಾಕುತ್ತೇನೆಂದವನನ್ನು ನಾನು ಬಿಡಲಿಲ್ಲ. ಇಡೀ ತಾರಸಿಗೆ ಮತ್ತೆ ಬಳಿಸಿದೆ. ಮತ್ತೆ ನೀರು ಕಟ್ಟಿಸಿದೆ. ಈ ಸಲ ಚಾವಣಿ ಒಣಗಿಯೇ ಇತ್ತು. ಆದರೂ ನೀರು ಕಟ್ಟುವುದು ಬೇರೆ, ಮಳೆ ಬೇರೆ ಎಂದು ದಿನಾ ಮೋಡ ನೋಡುತ್ತಿದ್ದೆ.

ಮುಂಗಾರಿನ ಮೊದಲ ಜೋರು ಮಳೆಗೆ ಬ್ಲೌಸ್ ಬಟ್ಟೆಯ ನೆಪ ಹಿಡಿದು ಟೈಲರಮ್ಮನ ಮನೆಗೆ ಓಡಿದೆ. ಹೊರಗೆ ಮಳೆ ಹುಯ್ಯುತ್ತಿತ್ತು. ನಾನು ಕತ್ತೆತ್ತಿ ಚಾವಣಿಯನ್ನೇ ನೋಡುತ್ತ ನಿಂತೆ. ಒಂದು ಹನಿಯೂ ಇಲ್ಲ. ಗೆದ್ದೆ ಅನ್ನಿಸಿ ಕಣ್ಣು ತುಂಬಿ ಬಂತು.

"ಮ್ಯಾಲೆ ನೋಡಿದ್ದು ಸಾಕ್ರೀ ಮೇಡಂ" ಎಂದಳು ಆಕೆ, ಅಳತೆ ಟೇಪು ಬಿಚ್ಚುತ್ತ. "ಕೈ ಎತ್ರಿ. ಮದುವೆ ಸೀಸನ್ನು, ನನಗೆ ಪುರುಸೊತ್ತಿಲ್ಲ."